ಮಾರ್ಜರಿ ಕೆಂಪ್ ಹಸ್ತಪ್ರತಿ: ಬರದವ್ರು ಯಾರು, ಇಟಗೊಂಡವ್ರು ಯಾರು? ಗೊತ್ತಿದ್ದವ್ರು ಹೇಳ್ರಿ

ಮಾಳಮಡ್ಡಿ_ಓದುಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಧಾರವಾಡದಾಗ ಎಂ.ಎ. ಇಂಗ್ಲಿಷ್ ಎರಡನೇ ವರ್ಷ ಓದ್ಲಿಕತ್ತೀನಿ. ಸೆಮಿನಾರಿಗೆ ಮಾರ್ಜರಿ ಕೆಂಪ್ ಅನ್ನಾಕಿ ಪುಸ್ತಕ ತಗೊಂಡೀನಿ. ಈಕಿ ಬಗ್ಗೆ ಕೇಳದೇ ಇದ್ದವ್ರಿಗೆ ಒಂದೆರಡು ಮಾತು ಹೇಳ್ತೀನಿ, ಇಂಗ್ಲೆಂಡಿನ ನಾರ್ಫೋಕ್ ಸೀಮಿಯ ಲಿನ್ ಅನ್ನೋ ಬಂದರಿನ ಊರಾಗ 1373ರ ಸುಮಾರಿಗೆ ಹುಟ್ಟಿದ ಹೆಣ್ಣಮಗಳು, ಅಪ್ಪ ಆ ಊರಿನ ಮೇಯರ್ ಆಗಿದ್ದಾಂವ, ಹದಿನಾಲ್ಕು ಮಕ್ಕಳನ್ನ ಹಡದಾಕಿ, ಆಮ್ಯಾಲೆ ದೇವರ ಹುಚ್ಚು ಹಿಡದು ಜೆರುಸಲೇಮ್, ರೋಮ್, ಸ್ಪೇನಿನ ಸಾಂತಿಯಾಗೊ ತನಕ ಯಾತ್ರಿ ಮಾಡಿದಾಕಿ, ಚರ್ಚಿನ್ಯಾಗ ಕುಂತು ಜೋರಾಗಿ ಅಳತಿದ್ದಳು ಅಂತ ಊರ ಮಂದಿ ಬೈಕೋತಿದ್ರು. ಬರೀಲಿಕ್ಕೆ ಬರತಿದ್ದಿಲ್ಲ, ತನ್ನ ಕಥಿ ಬಾಯಿಲೆ ಹೇಳಿ ಬರಸ್ಯಾಳ. ಇಂಗ್ಲಿಷಿನ್ಯಾಗ ಮೊದಲನೇ ಆತ್ಮಕಥಿ ಅಂತ ಭಾಳ ಜನ ಇದನ್ನ ಕರೀತಾರ.

ಈ ಪುಸ್ತಕದ ಹಸ್ತಪ್ರತಿ ಇರೋದು ಒಂದಽ ಒಂದು. 1934ರಾಗ ಇಂಗ್ಲೆಂಡಿನ ಡರ್ಬಿಶೈರ್‌ನ ಒಂದು ದೊಡ್ಡ ಮನಿಯೊಳಗ, ಬಟ್ಲರ್-ಬೌಡನ್ ಅನ್ನೋ ಕರ್ನಲ್ ಸಾಹೇಬರ ಮನಿ ಅದು, ಪಿಂಗ್‌ಪಾಂಗ್ ಆಡೋ ಸಾಮಾನು ಹುಡಕೋ ಮುಂದ ಕಪಾಟಿನ್ಯಾಗಿಂದ ಹಳೇ ಪುಸ್ತಕದ ರಾಶಿ ಹೊರಗ ಬಿತ್ತಂತ, ಸಾಹೇಬರು ಸಿಟ್ಟಿಗೆದ್ದು ಇವೆಲ್ಲಾ ಸುಟ್ಟ ಹಾಕತೀನಿ ಅಂದ್ರಂತ, ಅಲ್ಲೇ ಇದ್ದ ಗೆಳೆಯರೊಬ್ಬರು ಒಮ್ಮೆ ತಿಳದವ್ರಿಗೆ ತೋರಸ್ರಿ ಅಂದದ್ದಕ್ಕ ಉಳೀತು. ಹೋಪ್ ಎಮಿಲಿ ಆಲನ್ ಅನ್ನೋ ವಿದ್ವಾಂಸೆ ನೋಡಿ ಇದು ಮಾರ್ಜರಿ ಪುಸ್ತಕ ಅಂತ ಗುರುತು ಹಿಡದ್ರು. ನಾ ಇದನ್ನ ಪ್ರೆಸೆಂಟೇಶನ್‌ದಾಗ ಭಾಳ ಖುಷಿಯಿಂದ ಹೇಳಿದೆ, "ನಾನೂರು ವರ್ಷ ಒಂದಽ ಮನಿ ಕಪಾಟಿನ್ಯಾಗ ಇತ್ತು" ಅಂತ.

ನಮ್ಮ ಗೈಡ್ ಸರ್ ಅಲ್ಲೇ ನಿಲ್ಲಸಿದ್ರು. "ನಾನೂರು ವರ್ಷ ಅದಽ ಮನಿಯಾಗಿತ್ತು ಅಂತ ನಿನಗ ಹೇಳಿದವ್ರು ಯಾರವ್ವಾ? ಆಕಿ ಹೇಳಿ ಬರಸಿದ್ದಽ ಇದು, ಅಥವಾ ಅದರ ನಕಲೋ? ಯಾವೂರಾಗ ಬರದದ್ದು? ನಡುವ ಯಾರ್ಯಾರ ಕೈಯಾಗ ಹಾದು ಬಂತು?" ಅಂತ ಕೇಳಿದ್ರು. ಒಂದಕ್ಕೂ ನನ್ನ ಕಡೆ ಉತ್ತರ ಇದ್ದಿಲ್ರಿ. ಮುಂದಿನ ವಾರ ಮತ್ತ ಪ್ರೆಸೆಂಟ್ ಮಾಡಬೇಕು. ಒಂದು ಹಳೇ ಪುಸ್ತಕ ಎಲ್ಲಿ ಹುಟ್ಟಿತು, ಯಾರದ್ದಾಗಿತ್ತು ಅಂತ ಹೆಂಗ ಪತ್ತೆ ಹಚ್ತಾರ, ಯಾವುದರ ಮ್ಯಾಲೆ ನಂಬಿಕಿ ಇಡಬೇಕು, ಯಾವುದರ ಮ್ಯಾಲೆ ಇಡಬಾರದು, ಇದನ್ನ ಯಾರರೆ ಬಿಡಿಸಿ ಹೇಳ್ರಿ.

ಇನ್ನೊಂದು ಮಾತು. ಹಾವೇರಿ ಹತ್ರ ನಮ್ಮ ಹಳ್ಳಿ ಮನಿಯಾಗ ನಮ್ಮ ಮುತ್ತ್ಯಾನ ಟ್ರಂಕಿನ್ಯಾಗ ಒಂದು ಓಲೆಗರಿ ಕಟ್ಟು ಅದ. ಕೆಂಪು ಅರಿವಿಯೊಳಗ ಸುತ್ತಿಟ್ಟಾರ, ಯುಗಾದಿಗೊಮ್ಮೆ ಪೂಜಾ ಮಾಡಿ ಒಳಗ ಇಡ್ತಾರ, ಬಿಚ್ಚಿದ್ದು ನಾ ನೋಡಿಲ್ಲ. ಇದಽ ರೀತಿಲೆ ಅದರ ಮೂಲನೂ ಹುಡಕಲಿಕ್ಕೆ ಬರ್ತದೇನ್ರಿ?

---

ಸಪ್ತಾಪುರ_ನಿವೃತ್ತ_ಮಾಸ್ತರ

ತಂಗಿ, ನಿಮ್ಮ ಗೈಡ್ ಕೇಳಿದ್ದು ಸರಿಯಾದ ಪ್ರಶ್ನಾ. ನಾ ಮೂವತ್ತು ವರ್ಷ ಇಂಗ್ಲಿಷ್ ಕಲಸೀನಿ, ಈ ಪುಸ್ತಕನೂ ಹೇಳೀನಿ, ಹಿಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ.

ಮೊದಲಿಗೆ ಒಂದು ಗಂಟು ಬಿಡಿಸ್ಕೊ. ಪುಸ್ತಕ ಯಾರ ಮಾತು, ಈ ಪ್ರತಿ ಯಾರ ಕೈಬರಹ, ಈ ಪ್ರತಿ ಯಾರ ಮನಿಯಾಗ ಇತ್ತು, ಈ ಮೂರೂ ಬ್ಯಾರೆ ಬ್ಯಾರೆ. ಒಂದಕ್ಕ ಸಿಕ್ಕ ಪುರಾವಾ ಇನ್ನೊಂದಕ್ಕ ನಡೆಯೂದಿಲ್ಲ. ನಮ್ಮ ಹುಡುಗ್ರು ಎಲ್ಲಾ ಎಡವೋದು ಇಲ್ಲೇ.

ಮಾರ್ಜರಿ ಮಾತನ್ನ ಮೊದಲು ಬರದಾಂವ ಜರ್ಮನಿಯೊಳಗ ಇದ್ದು ಬಂದ ಒಬ್ಬ ಇಂಗ್ಲಿಷ್ ಮನಶಾ. ಅಂವನ ಅಕ್ಷರನೂ ಕೆಟ್ಟ, ಭಾಷಾನೂ ಅತ್ಲಾಗ ಇಂಗ್ಲಿಷಲ್ಲ ಇತ್ಲಾಗ ಜರ್ಮನ್ನಲ್ಲ, ಯಾರಿಗೂ ಓದಲಿಕ್ಕೆ ಬರತಿದ್ದಿಲ್ಲ. ಆಮ್ಯಾಲೆ 1436ರಾಗ ಒಬ್ಬ ಪಾದ್ರಿ ಕುಂತು ಅದನ್ನೆಲ್ಲಾ ಮತ್ತ ಬರದ, 1438ರಾಗ ಎರಡನೇ ಭಾಗ ಸೇರಸಿದ. ಇದೆಲ್ಲಾ ಪುಸ್ತಕದ ಒಳಗಽ ಹೇಳ್ಯದ. ಖರೇ ಈಗ ನಮ್ಮ ಕೈಯಾಗ ಉಳದದ್ದು ಆ ಪಾದ್ರಿ ಬರದ ಪ್ರತಿನೂ ಅಲ್ಲ. ಉಳದ ಪ್ರತಿಯ ಕೊನಿಗೆ ನಕಲು ಮಾಡಿದಾಂವ ತನ್ನ ಹೆಸರು ಹಾಕ್ಯಾನ, "ಯೇಸುವೇ ದಯೆ ತೋರು, ಅಂದಾಂವ ಸಾಲ್ಟೌಸ್" ಅನ್ನೋ ಅರ್ಥದಾಗ. ಹದಿನೈದನೇ ಶತಮಾನದ ನಡುವಿನ ಕೈ. ಅಂದ್ರ ಮಾರ್ಜರಿಯಿಂದ ಎಣಿಸಿದ್ರ ಇದು ಮೂರನೇ ಮೆಟ್ಟಲು.

ಈಗ ಸಾಲ್ಟೌಸ್ ಯಾರು? ನಾರ್ಫೋಕ್‌ದಾಗ ಸಮುದ್ರದ ದಂಡಿಗೆ ಸಾಲ್ಟ್‌ಹೌಸ್ ಅಂತ ಒಂದು ಹಳ್ಳಿ ಅದ. ಹಂಗಂತ ಪುಸ್ತಕ ಆ ಹಳ್ಳಿಯಾಗ ಬರದದ್ದು ಅಂದ್ರ ತಪ್ಪು. ನಮ್ಮ ಕಡೆ ನವಲಗುಂದ ಅಂತ ಅಡ್ಡಹೆಸರು ಇದ್ದಾಂವ ಹುಬ್ಬಳ್ಳಿಯೊಳಗ ಅಂಗಡಿ ಇಟ್ಟಿರ್ತಾನ, ಅಂವನ ಮುತ್ತ್ಯಾನ ಮುತ್ತ್ಯಾ ನವಲಗುಂದ ಬಿಟ್ಟಿರ್ತಾನ. ಅಡ್ಡಹೆಸರು ಮನಿತನ ಎಲ್ಲಿಂದ ಬಂತು ಅಂತ ಹೇಳ್ತದ, ಮನಶಾ ಎಲ್ಲಿ ಕುಂತು ಬರದ ಅಂತ ಹೇಳೂದಿಲ್ಲ. ಅದಕ್ಕ ಆಂಟನಿ ಬೇಲ್ ಅನ್ನೋ ಪ್ರೊಫೆಸರ್ ಹೆಸರಿನ ಬೆನ್ನು ಹತ್ತದ, ಆ ಕಾಲದ ಬ್ಯಾರೆ ಕಾಗದ ಪತ್ರ ಹುಡುಕಿ, ನಾರ್ವಿಚ್ ಕ್ಯಾಥೀಡ್ರಲ್ ಮಠದಾಗ ರಿಚರ್ಡ್ ಸಾಲ್ಟ್‌ಹೌಸ್ ಅಂತ ಒಬ್ಬ ಸನ್ಯಾಸಿ ಇದ್ದ ಅಂತ 2017ರಾಗ ತೋರಿಸಿದ್ರು. ಲಿನ್ ಊರಿನ ಚರ್ಚು ಆ ನಾರ್ವಿಚ್ ಮಠದ ಕೈಕೆಳಗಽ ಇತ್ತು. ಹಿಂಗ ಹೊರಗಿನ ದಾಖಲೆ ಬಂದು ಒಳಗಿನ ಹೆಸರಿಗೆ ಕೂಡಿದಾಗ ಮಾತಿಗೆ ತೂಕ ಬರ್ತದ.

ಇನ್ನ ಭಾಷಾದ ಪುರಾವಾ. ಇದು ನನಗ ಭಾಳ ಸೇರತದ. ಆ ಕಾಲಕ್ಕ ಇಂಗ್ಲಿಷಿಗೆ ಒಂದಽ ಕಾಗುಣಿತ ಅಂತ ಇರಲಿಲ್ಲ, ಊರಿಗೊಂದು ರೀತಿ ಬರೀತಿದ್ರು. ಶಲ್, ಶುಡ್ ಅನ್ನೋ ಮಾತಿಗೆ ನಾರ್ಫೋಕ್ ಕಡಿಯವ್ರು ಮೊದಲಿಗೆ ಎಕ್ಸ್ ಅಕ್ಷರ ಹಾಕ್ತಿದ್ರು. ಈ ಹಸ್ತಪ್ರತಿ ತುಂಬ ಆ ಎಕ್ಸ್ ಅವ. ನೀ ಈಗ "ಹೆಂಗ" ಅಂತ ಬರದೀ, ಮೈಸೂರಿನ ಹುಡುಗಿ ಆಗಿದ್ರ "ಹೇಗೆ", ಮಂಗಳೂರಾಗಿದ್ರ "ಹೇಗುಂಟು", ಫೋನ್ ನಂಬರ್ ನೋಡದೇನ ನಿನ್ನ ಜಿಲ್ಲಾ ಗೊತ್ತಾಗ್ತದ ಅಲಾ, ಅದಽ ಲೆಕ್ಕ. 1986ರಾಗ ಮ್ಯಾಕಿಂಟೋಶ್, ಸ್ಯಾಮ್ಯುಯೆಲ್ಸ್, ಬೆನ್ಸ್‌ಕಿನ್ ಮೂವರು ಸೇರಿ ಇಂಥ ಕಾಗುಣಿತ ಎಲ್ಲಾ ಕೂಡಿಸಿ ಮಧ್ಯಕಾಲದ ಇಂಗ್ಲಿಷಿನ ಭಾಷಾ ನಕಾಶಿ ಮಾಡಿದ್ರು, ಯಾವ ಕಾಗುಣಿತ ಯಾವ ಸೀಮಿದು ಅಂತ ಚುಕ್ಕಿ ಇಟ್ಟು ತೋರ್ಸ್ಯಾರ. ಖರೇ ಇಲ್ಲೂ ಒಂದು ತೊಡಕು. ನಕಲು ಮಾಡಾಂವ ಎದುರಿನ ಪ್ರತಿಯಾಗ ಇದ್ದಂಗ ಬರದಿರಬಹುದು, ತನ್ನ ನಾಲಿಗಿಗೆ ಬಂದಂಗ ತಿದ್ದಿರಬಹುದು, ಅರ್ಧ ಅದು ಅರ್ಧ ಇದು ಮಾಡಿರಬಹುದು. ಮಾರ್ಜರಿನೂ ನಾರ್ಫೋಕ್, ಸಾಲ್ಟ್‌ಹೌಸನೂ ನಾರ್ಫೋಕ್. ಹಿಂಗಾಗಿ ಎಕ್ಸ್ ಅಕ್ಷರದಿಂದ ಸೀಮಿ ಸಿಗ್ತದ, ಆ ಎಕ್ಸ್ ಯಾರದ್ದು ಅನ್ನೋದು ಸಿಗೂದಿಲ್ಲ. ಇಷ್ಟು ನೀ ಸೆಮಿನಾರಿನ್ಯಾಗ ಹೇಳಿದ್ರ ನಿಮ್ಮ ಗೈಡ್ ಖುಷಿ ಆಗ್ತಾರ.

ಒಡೆತನದ ಮಾತು ನಾಳೆ ಬರೀತೀನಿ, ಈಗ ಕರೆಂಟ್ ಹೋಗೋ ಹೊತ್ತು.

---

ದುರ್ಗದಬೈಲ್_ಬೈಂಡರ್

ಮಾಸ್ತರು ಅಕ್ಷರದ್ದು ಹೇಳಿದ್ರು, ನಾ ಹಾಳಿದು ಹೇಳ್ತೀನಿ. ಹುಬ್ಬಳ್ಳಿಯಾಗ ನಮ್ಮ ಅಪ್ಪಾರ ಕಾಲದಿಂದ ಬೈಂಡಿಂಗ್ ಕೆಲಸ ಐತ್ರಿ, ಹಳೇ ಪುಸ್ತಕ ಬಿಚ್ಚೋದು ಕಟ್ಟೋದು ದಿನಾ ಮಾಡೋ ಕೆಲಸ, ಹಂಗಾಗಿ ಇಂಥಾ ವಿಡಿಯೊ ಲೇಖನ ಸಿಕ್ರ ಬಿಡೂದಿಲ್ಲ.

ಮಾರ್ಜರಿ ಪುಸ್ತಕ ಚರ್ಮದ ಹಾಳಿದಲ್ಲ, ಕಾಗದದ್ದು. 124 ಹಾಳಿ. ಇದು ನಮಗ ದೊಡ್ಡ ಅನುಕೂಲ. ಯಾಕಂದ್ರ ಆಗಿನ ಕಾಗದ ಚೌಕಟ್ಟಿನ್ಯಾಗ ತಂತಿ ಜಾಳಿಗಿ ಹಾಕಿ, ಅರಿವಿ ಕೊಳಸಿದ ತಿಳಿ ರಾಡಿಯಾಗ ಎದ್ದಿ ಎತ್ತತಿದ್ರು. ಆ ಜಾಳಿಗಿ ಮ್ಯಾಲೆ ತಂತಿಲೇ ಎತ್ತಿನ ತಲೀನೋ ಕೈಯೋ ಹೂವೋ ಮಾಡಿ ಹೊಲದಿರ್ತಿದ್ರು, ಅಲ್ಲಿ ಕಾಗದ ತೆಳ್ಳಗ ಬೀಳತೈತಿ, ಬೆಳಕಿಗೆ ಹಿಡದ್ರ ಚಿತ್ರ ಕಾಣತೈತಿ. ಅದಽ ವಾಟರ್‌ಮಾರ್ಕ್. ನೂರು ರೂಪಾಯಿ ನೋಟು ಬೆಳಕಿಗೆ ಹಿಡದ್ರ ಗಾಂಧಿ ಕಾಣತಾರಲಾ ಹಂಗ. ದಿನಾ ಎದ್ದಿ ಎದ್ದಿ ಆ ತಂತಿ ಸೊಟ್ಟ ಆಗತೈತಿ, ಹರೀತೈತಿ, ಕೆಲವು ವರ್ಷಕ್ಕ ಆ ಚೌಕಟ್ಟಽ ಮೂಲಿಗೆ ಹೋಗತೈತಿ. ಹಿಂಗಾಗಿ ಎರಡು ಹಾಳಿಯಾಗ ತಂತಿ ಸೊಟ್ಟ ಆದ ಜಾಗಾ ಸೈತ ಒಂದಽ ಇದ್ರ ಅವು ಒಂದಽ ಚೌಕಟ್ಟಿನವು, ಒಂದಽ ಹೊತ್ತಿನವು ಅಂತ ಹೇಳಬಹುದು. ಬ್ರಿಕೆ ಅನ್ನೋ ಒಬ್ಬ ಸ್ವಿಸ್ ಮನಶಾ ಇಂಥ ಹದಿನಾರು ಸಾವಿರ ಚಿತ್ರ ಕೈಲೆ ಗೆರಿ ತಗದು 1907ರಾಗ ಛಾಪಿಸ್ಯಾನ. ತಾರೀಖು ಬರದ ಕಾಗದದಾಗಿನ ಚಿತ್ರಕ್ಕ ತಾರೀಖಿಲ್ಲದ ಕಾಗದದ ಚಿತ್ರ ಹೋಲಿಸಿ ಕಾಲ ಹೇಳತಾರ. ಆದ್ರ ಊರು ಹೇಳೂದಿಲ್ಲರಿ. ಆಗ ಇಂಗ್ಲೆಂಡಿನ್ಯಾಗ ಕಾಗದ ಮಾಡ್ತಿದ್ದಿಲ್ಲ, ಎಲ್ಲಾ ಸಮುದ್ರದ ಆಚಿಂದ ಬರೋದು. ಕಾಗದ ಫ್ರಾನ್ಸಿಂದು ಅಂದ್ರ ಪುಸ್ತಕ ಫ್ರಾನ್ಸಿಂದು ಅಂತ ಅಲ್ಲ.

ಇನ್ನೊಂದು ಮಾತು ಕಳಕಳಿಯಿಂದ ಹೇಳ್ತೀನಿ ಅಕ್ಕಾರ. ಭಾಳ ವರ್ಷದ ಹಿಂದ ಒಂದು ಮನಿತನದವ್ರು ಹಳೇ ಕೀರ್ದಿ ವಹಿ ತಂದ್ರು, ಒಂದು ಪ್ರೆಸ್ಸಿನ್ಯಾಗ ನಾ ಆಗ ಕೆಲಸಕ್ಕಿದ್ದೆ. ಅಂಚು ಮುಕ್ಕಾಗಿದ್ವು, ಮಾಲಕ್ರು ಕಟಿಂಗ್ ಮಶಿನ್ನಿಗೆ ಹಾಕು ಅಂದ್ರು, ಹಾಕಿದೆ. ಆಮ್ಯಾಲೆ ಕೆಳಗ ಬಿದ್ದ ಚೂರು ಎತ್ತಿ ನೋಡಿದ್ರ ಅದರಾಗ ಮೋಡಿ ಅಕ್ಷರದಾಗ, ಅಂದ್ರ ಮರಾಠಿಯ ಹಳೇ ಕೂಡು ಬರಹದಾಗ, ಸಣ್ಣಗ ಬರದಿತ್ತು, ಹೆಸರು, ರೂಪಾಯಿ, ಯಾರದೋ ಸಹಿ. ಅರ್ಧ ಅಕ್ಷರ ಪುಸ್ತಕದಾಗ ಉಳೀತು ಅರ್ಧ ನೆಲಕ್ಕ ಬಿತ್ತು. ಆ ಚೂರು ಇವತ್ತಿಗೂ ಕಣ್ಣ ಮುಂದ ಬರತೈತಿ. ವಿಲಾಯತಿಯಾಗೂ ಇದಽ ಆಗೈತಿ, ಹಳೇ ಹಸ್ತಪ್ರತಿಗೆ ಚಂದನ್ನ ಹೊಸಾ ಬೈಂಡ್ ಹಾಕಿಸಿ, ಅಂಚಿನ ಟಿಪ್ಪಣಿ ಕತ್ತರಿಸಿ, ಮೊದಲಿನ ಹಲಗಿ, ರಟ್ಟಿನ ಒಳಗಿನ ಹಾಳಿ ಎಲ್ಲಾ ಒಗದುಬಿಟ್ಟಾರ. ಒಡಿಯಾನ ಹೆಸರು ಇರೋದಽ ಅಲ್ಲಿ. ಅದಕ್ಕ ನಿಮ್ಮ ಮುತ್ತ್ಯಾನ ಕಟ್ಟಿಗೆ ದಯವಿಟ್ಟು ಹೊಸಾ ಹಲಗಿ, ಹೊಸಾ ದಾರ, ಲ್ಯಾಮಿನೇಶನ್, ಏನೂ ಮಾಡಿಸಬ್ಯಾಡ್ರಿ. ಆ ಕೆಂಪು ಅರಿವಿ ಸೈತ ಒಗೀಬ್ಯಾಡ್ರಿ.

---

ಹಾವೇರಿ_ಏಲಕ್ಕಿ

ಒಂದು ಡೌಟ್. 1934ರಾಗ ಬೌಡನ್ ಅವರ ಮನಿಯಾಗ ಸಿಕ್ತು, ಅವ್ರು ಹಳೇ ಕ್ಯಾಥೊಲಿಕ್ ಮನಿತನ, ಎಂಟನೇ ಹೆನ್ರಿ ರಾಜಾ ಮಠಗಳನ್ನ ಮುಚ್ಚಿಸಿದಾಗ ಸನ್ಯಾಸಿಗಳು ತಮ್ಮ ನಂಬಿಗಸ್ತರ ಕೈಯಾಗ ಪುಸ್ತಕ ಕೊಟ್ಟು ಹೋದ್ರು, ಅವ್ರು ಮುಚ್ಚಿಟ್ಟು ಕಾಪಾಡಿದ್ರು, ಅಂದ್ರ ನಾನೂರು ವರ್ಷ ಅಲ್ಲೇ ಇತ್ತು ಅನ್ನೋದ್ರಾಗ ತಪ್ಪೇನು? ಇಷ್ಟು ಸರಳ ಇದ್ದದ್ದನ್ನ ಯಾಕ ಸುಮ್ಮನ ಕಠಿಣ ಮಾಡ್ತೀರಿ.

---

ಸಪ್ತಾಪುರ_ನಿವೃತ್ತ_ಮಾಸ್ತರ

ಏಲಕ್ಕಿ ಅವರ, ನೀವು ಹೇಳಿದ ಕಥಿ ಆಗಿರಬಹುದು. ಆದ್ರ "ಆಗಿರಬಹುದು" ಮತ್ತ "ಆಗ್ಯದ" ನಡುವ ಕೃಷ್ಣಾ ಹೊಳಿಯಷ್ಟು ಅಂತರ ಅದ. ಪುಸ್ತಕದ ಮೈಮ್ಯಾಲೆ ಏನದ ಅಷ್ಟನ್ನಽ ಹಿಡ್ಕೊಂಡು ನಡೆಯೋಣ.

ಮೊದಲನೇ ಗುರುತು, ಹದಿನೈದನೇ ಶತಮಾನದ ಕೊನಿ ಸುಮಾರಿನ ಕೈಯೊಳಗ "ಈ ಪುಸ್ತಕ ಮೌಂಟ್ ಗ್ರೇಸಿನದು" ಅಂತ ಬರದದ. ಮೌಂಟ್ ಗ್ರೇಸ್ ಅಂದ್ರ ಯಾರ್ಕ್‌ಶೈರ್‌ದಾಗ 1398ರಾಗ ಕಟ್ಟಿದ ಕಾರ್ಥೂಸಿಯನ್ ಮಠ. ಈ ಪಂಥದ ಸನ್ಯಾಸಿಗಳು ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಮನಿ, ಒಂದು ಕೈತೋಟ, ಊಟ ಸೈತ ಗ್ವಾಡಿಯೊಳಗಿನ ಕಿಂಡಿಲೆ ಬರತಿತ್ತು, ಮಾತಿಲ್ಲ ಕಥಿಯಿಲ್ಲ, ಓದೋದು ಬರೆಯೋದು ಪ್ರಾರ್ಥನಾ ಅಷ್ಟ.

ಒಂದು ಸಾಲು ಇದ್ದ ಕೂಡಲೇ ನಂಬಬಾರದು. ಹೆಸರು ಅಳಿಸಿ ಬ್ಯಾರೆ ಹೆಸರು ಬರೆಯೋದು ಎಲ್ಲಾ ಕಾಲದಾಗೂ ಆಗ್ಯದ. ಫ್ಲಾರೆನ್ಸಿನ ಲಾರೆಂಟಿಯನ್ ಲೈಬ್ರರಿಯೊಳಗ ಕೋಡೆಕ್ಸ್ ಅಮಿಯಾಟಿನಸ್ ಅಂತ ಒಂದು ಭಾರೀ ಬೈಬಲ್ ಅದ, ಸಾವಿರಕ್ಕೂ ಮಿಕ್ಕಿ ಚರ್ಮದ ಹಾಳಿ, ಒಬ್ಬರಿಗೆ ಎತ್ತಲಿಕ್ಕೆ ಕಷ್ಟ ಆಗೋವಷ್ಟು ತೂಕ. ಅದರ ಮೊದಲಿಗೆ ಪೀಟರ್ ಅನ್ನೋ ಲಾಂಬಾರ್ಡ್ ಮಠಾಧೀಶ ಕೊಟ್ಟದ್ದು ಅಂತ ಪದ್ಯ ಅದ. ನೂರಾರು ವರ್ಷ ಜನ ಅದನ್ನ ಇಟಲಿದಂತಽ ತಿಳಕೊಂಡಿದ್ರು. 1880ರ ದಶಕದಾಗ ಡಿ ರೊಸ್ಸಿ ಅನ್ನೋ ವಿದ್ವಾಂಸ ನೋಡ್ತಾನ, ಹೆಸರಿನ ಜಾಗಾದಾಗ ಚರ್ಮ ಕೆರದದ, ಮ್ಯಾಲಿನ ಹೆಸರು ಪದ್ಯದ ಮಾತ್ರೆಗೂ ಕೂಡೂದಿಲ್ಲ. ಕೆಳಗಿದ್ದದ್ದು ಚೆಯೋಲ್‌ಫ್ರಿತ್, ಇಂಗ್ಲಿಷರ ಮಠಾಧೀಶ. ಅಂದ್ರ ಆ ಬೈಬಲ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರದಾಗ ವೇರ್‌ಮೌತ್-ಜಾರೋ ಮಠದಾಗ. ಚೆಯೋಲ್‌ಫ್ರಿತ್ 716ರಾಗ ಅದನ್ನ ಪೋಪರಿಗೆ ಕಾಣಿಕಿ ಕೊಡಬೇಕಂತ ಹೊತಗೊಂಡು ಹೊಂಟಾಂವ ರೋಮ್ ಮುಟ್ಟಲಿಲ್ಲ, ದಾರಿಯೊಳಗ ಫ್ರಾನ್ಸಿನ ಲಾಂಗ್ರ್ ಊರಾಗ ತೀರಿಕೊಂಡ. ಪುಸ್ತಕ ಮುಂದ ಹೋತು. ನೋಡ್ರಿ, ಒಂದು ಹೆಸರು ಕೆರದದ್ದಕ್ಕ ಅದರ ತವರುಮನಿಯಽ ಸಾವಿರ ವರ್ಷ ಮರತು ಹೋಗಿತ್ತು.

ಹಿಂಗಾಗಿ ಮೌಂಟ್ ಗ್ರೇಸ್ ಸಾಲಿಗೆ ಎರಡನೇ ಸಾಕ್ಷಿ ಬೇಕು. ಅದು ಇಲ್ಲಿ ಭಾಳ ಚಂದ ಸಿಕ್ಕದ. ಪುಸ್ತಕದ ಅಂಚಿನ್ಯಾಗ ಕೆಂಪು ಮಸಿಲೆ ಒಬ್ಬಾಂವ ಟಿಪ್ಪಣಿ ಹಾಕ್ಯಾನ. ಮಾರ್ಜರಿ ಚೀರಿ ಅತ್ತಳು, ಬಿದ್ದು ಹೊರಳಾಡಿದಳು ಅಂತ ಬಂದಲ್ಲಿ "ಪ್ರಯರ್ ನಾರ್ಟನ್ ಹಿಂಗಽ ಮಾಡತಿದ್ರು", "ಫಾದರ್ ಆರ್.ಎಂ. ಹಿಂಗಽ" ಅನ್ನೋ ಅರ್ಥದ ಮಾತು. ಆರ್.ಎಂ. ಅಂದ್ರ ರಿಚರ್ಡ್ ಮೆಥ್ಲಿ, ಇನ್ನೊಬ್ಬರು ಜಾನ್ ನಾರ್ಟನ್, ಪ್ರಯರ್ ಅಂದ್ರ ಮಠದ ಮುಖ್ಯಸ್ಥರು, ಇಬ್ಬರೂ ಮೌಂಟ್ ಗ್ರೇಸ್ ಮಠದ ಸನ್ಯಾಸಿಗಳು. ಅದಽ ಮಠದ ಮನಶಾ ಅಲ್ಲದವ್ರಿಗೆ "ನಮ್ಮ ಫಾದರ್ ಹಿಂಗಽ ಮಾಡತಿದ್ರು" ಅಂತ ಬರೆಯೋ ಸಲಿಗಿ ಎಲ್ಲಿಂದ ಬರಬೇಕು? ಒಡೆತನದ ಸಾಲು ಮುದ್ರಿ ಒತ್ತಿದಂಗ, ಆ ಕೆಂಪು ಟಿಪ್ಪಣಿ ಮಾತ್ರ ಆ ಮನಿಯಾಗ ಕುಂತು ಓದಿದವ್ರ ಉಸಿರು. ಊರೆಲ್ಲಾ ಬೈದ ಹೆಣ್ಣಮಗಳನ್ನ, ಮಾತು ಬಿಟ್ಟ ಸನ್ಯಾಸಿಯೊಬ್ಬ ತನ್ನ ಗುರುಗಳ ಸಾಲಿನ್ಯಾಗ ಕೂಡ್ರಿಸ್ಯಾನ. ನಾ ಇದನ್ನ ಪಾಠ ಹೇಳೋ ಮುಂದ ಪ್ರತಿ ಸಲಾ ಒಂದು ಗಳಿಗಿ ನಿಲ್ಲತಿದ್ದೆ.

ನಾರ್ಫೋಕ್ ಪುಸ್ತಕ ಯಾರ್ಕ್‌ಶೈರಿಗೆ ಯಾರು ಒಯ್ದರು ಅನ್ನೋದಕ್ಕ ಪುಸ್ತಕದಾಗ ಸಾಕ್ಷಿ ಇಲ್ಲ, ಅದನ್ನ ಹಂಗಽ ಖಾಲಿ ಬಿಡಬೇಕು. 1539ರ ಡಿಸೆಂಬರ್‌ದಾಗ ಎಂಟನೇ ಹೆನ್ರಿಯ ಮಂದಿಗೆ ಮೌಂಟ್ ಗ್ರೇಸ್ ಶರಣಾತು. ಆ ಕಾಲಕ್ಕ ದೇಶದ ತುಂಬ ಮಠಗಳ ಲೈಬ್ರರಿ ಚೂರು ಚೂರಾದ್ವು, ಚರ್ಮದ ಹಾಳಿ ಅಂಗಡಿಯವ್ರು ಸಾಮಾನು ಕಟ್ಟಲಿಕ್ಕೆ ಒಯ್ದರು, ಬೈಂಡರ್‌ಗಳು ಬ್ಯಾರೆ ಪುಸ್ತಕದ ರಟ್ಟಿಗೆ ಅಸ್ತರ ಮಾಡಿದ್ರು. ಉಳದದ್ದು ಮ್ಯಾಥ್ಯೂ ಪಾರ್ಕರ್, ರಾಬರ್ಟ್ ಕಾಟನ್ ಅಂಥ ಹಳೇ ಪುಸ್ತಕ ಕೂಡಿಸೋರು ಆರಿಸಿ ಎತ್ತಿಟ್ಟದ್ದು. ಕಾಟನ್ ಸಂಗ್ರಹದಾಗೂ 1731ರಾಗ ಬೆಂಕಿ ಬಿತ್ತು, ಬೇವುಲ್ಫ್ ಅನ್ನೋ ಹಳೇ ಇಂಗ್ಲಿಷ್ ಕಾವ್ಯ ಇದ್ದ ಒಂದಽ ಒಂದು ಪ್ರತಿಯ ಅಂಚು ಸುಟ್ಟು ಕರಕಾಗಿ ಇವತ್ತಿಗೂ ಹಂಗಽ ಅದ.

ಮಾರ್ಜರಿ ಪುಸ್ತಕದ ಮುಂದಿನ ಗಟ್ಟಿ ಗುರುತು ಅಂದ್ರ ರಟ್ಟಿನ ಒಳಗ ಹೆನ್ರಿ ಬೌಡನ್ ಅನ್ನೋರ ಹೆಸರಿನ ಚೀಟಿ. ಅವ್ರು ಹದಿನೆಂಟನೇ ಶತಮಾನದಾಗ ಹುಟ್ಟಿದವ್ರು. ಏಲಕ್ಕಿ ಅವರ, ಈಗ ನೀವಽ ಲೆಕ್ಕಾ ಹಾಕ್ರಿ. 1539ರಿಂದ ಆ ಚೀಟಿ ತನಕ ಇನ್ನೂರು ವರ್ಷಕ್ಕೂ ಹೆಚ್ಚಿನ ಗುಂಡಿ ಅದ. ಕ್ಯಾಥೊಲಿಕ್ ಮನಿತನ ಅನ್ನೋದು ಒಂದು ಸುಳುವು ಮಾತ್ರ, ನಾನೂರು ವರ್ಷ ಒಂದಽ ಕಪಾಟು ಅನ್ನಲಿಕ್ಕೆ ಅಷ್ಟು ಸಾಲದು. ಆಮ್ಯಾಲಿಂದು ಎಲ್ಲಾ ಚೊಕ್ಕ ಅದ: 1934ರ ಡಿಸೆಂಬರ್‌ದಾಗ ಆಲನ್ ಅವ್ರು ಟೈಮ್ಸ್ ಪತ್ರಿಕೆಗೆ ಕಾಗದ ಬರದು ಜಗತ್ತಿಗೆ ತಿಳಿಸಿದ್ರು, 1940ರಾಗ ಹಳೇ ಇಂಗ್ಲಿಷಿನ ಮೂಲ ಪಾಠ ಅಚ್ಚಾತು, 1980ರಾಗ ಬ್ರಿಟಿಷ್ ಲೈಬ್ರರಿ ಕೊಂಡ್ಕೊಂತು, ಅಡಿಷನಲ್ 61823 ಅನ್ನೋ ನಂಬರಿನ್ಯಾಗ ಅಲ್ಲಿ ಅದ.

ತಂಗಿ, ಇನ್ನೊಂದು ಉಪಾಯ ತಿಳಕೊಂಡಿರು, ಮುಂದ ಬೇಕಾಗ್ತದ. ಮಧ್ಯಕಾಲದ ಮಠದವ್ರು ಲೈಬ್ರರಿ ಪಟ್ಟಿ ಮಾಡೋ ಮುಂದ ಪುಸ್ತಕದ ಹೆಸರಿನ ಜೊತಿಗೆ ಎರಡನೇ ಹಾಳಿಯ ಮೊದಲಿನ ಮಾತು ಬರದಿಡತಿದ್ರು. ಯಾಕ ಎರಡನೇ ಹಾಳಿ? ಮೊದಲನೇ ಹಾಳಿ ಎಲ್ಲಾ ಪ್ರತಿಯಾಗೂ ಒಂದಽ ಮಾತಿನಿಂದ ಸುರು ಆಗ್ತದ. ಆದ್ರ ಒಬ್ಬೊಬ್ಬರ ಅಕ್ಷರ ಸಣ್ಣ ದೊಡ್ಡ ಇರ್ತಾವ, ಹಾಳಿ ತುಂಬಿ ಎರಡನೇದಕ್ಕ ಹೊರಳೋ ಜಾಗಾ ಬ್ಯಾರೆ ಬ್ಯಾರೆ. ಹಿಂಗಾಗಿ ಒಂದಽ ಗ್ರಂಥದ ನಲವತ್ತು ಪ್ರತಿ ಇದ್ರೂ ಎರಡನೇ ಹಾಳಿ ನೋಡಿ ಇದು ನಮ್ಮದಽ ಅಂತ ಹೇಳಬಹುದಿತ್ತು. ಮೊದಲನೇ ಹಾಳಿ ಹರದು ಹೆಸರು ಹೋಗಿದ್ರೂ, ಐದುನೂರು ವರ್ಷದ ಮ್ಯಾಲೆ ಇವತ್ತಿನ ವಿದ್ವಾಂಸರು ಆ ಪಟ್ಟಿ ಹಿಡ್ಕೊಂಡು ಹೋಗಿ ಪುಸ್ತಕ ಗುರುತಿಸ್ತಾರ. ನೀಲ್ ಕೆರ್ ಅನ್ನೋರು ಇಂಥ ಸಾಕ್ಷಿ ಎಲ್ಲಾ ಕೂಡಿಸಿ, ಬ್ರಿಟನ್ನಿನ ಯಾವ ಮಠದ ಯಾವ ಪುಸ್ತಕ ಈಗ ಎಲ್ಲದ ಅಂತ 1941ರಾಗ ಪಟ್ಟಿ ಮಾಡಿದ್ರು, 1964ರಾಗ ಮತ್ತ ಹೆಚ್ಚಿಸಿದ್ರು.

---

ಗದಗ_ಓಲೆಗರಿ

ಮಾಸ್ತರ ಬರದದ್ದು ಎರಡು ಸಲ ಓದಿದೆ. ನಾ ಹತ್ತು ವರ್ಷ ಆತು ಗದಗ, ರೋಣ, ಮುಂಡರಗಿ ಕಡೆ ಮನಿ ಮನಿಗೆ ಹೋಗಿ ಓಲೆಗರಿ ಫೋಟೊ ತಗೀತೀನಿ. ಅಕ್ಕಾರ ಕೇಳಿದ ಎರಡನೇ ಪ್ರಶ್ನೆಗೆ ನಾ ಹೇಳ್ತೀನಿ.

ದಾರಿ ಒಂದಽ ಐತಿ, ಗುರುತು ಬ್ಯಾರೆ. ಗರಿಗೆ ವಾಟರ್‌ಮಾರ್ಕ್ ಇಲ್ಲ. ಆದ್ರ ಕೊನೀ ಗರಿ ಐತಿ. ನಮ್ಮ ಲಿಪಿಕಾರರು ಕೊನಿಗೆ ಸಂವತ್ಸರ, ಮಾಸ, ತಿಥಿ, ವಾರ, ಯಾರು ಬರದರು, ಯಾರಿಗಾಗಿ ಬರದರು ಅಂತ ಹಾಕತಾರ, ಮಂಗಳ ಮಹಾ ಶ್ರೀ ಅಂತ ಮುಗಸತಾರ. ತೊಡಕು ಏನಂದ್ರ ಭಾಳ ಕಡೆ ಶಕ ವರ್ಷ ಹಾಕೂದಿಲ್ಲ, ಸಂವತ್ಸರದ ಹೆಸರಷ್ಟ. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರತೈತಿ. ಶ್ರೀಮುಖ ಅಂದ್ರ 1813 ಆಗಬಹುದು, 1873 ಆಗಬಹುದು, 1933ನೂ ಆಗಬಹುದು. ಅಲ್ಲಿ ತಿಥಿ ಮತ್ತ ವಾರ ಕೈ ಹಿಡೀತಾವ. ಹಳೇ ಪಂಚಾಂಗ ಲೆಕ್ಕ ಹಾಕಿ ಆ ತಿಥಿ ಆ ವಾರ ಯಾವ ವರ್ಷದಾಗ ಕೂಡತಾವ ನೋಡಿದ್ರ ಬಹುಮಟ್ಟಿಗೆ ಒಂದಽ ಉಳೀತೈತಿ.

ಇನ್ನ ಮಾರ್ಜರಿದು ಮೂರನೇ ಮೆಟ್ಟಲು ಅಂದ್ರಲಾ, ನಮ್ಮವು ಎಷ್ಟನೇ ಮೆಟ್ಟಲೋ ಎಣಿಸಾಕ ಆಗೂದಿಲ್ಲ. ಗರಿ ಹುಳಾ ತಿಂತೈತಿ, ಮುರೀತೈತಿ, ನೂರಿನ್ನೂರು ವರ್ಷಕ್ಕ ಮತ್ತ ಹೊಸಾ ಗರಿ ಮ್ಯಾಲೆ ಬರೀಬೇಕು. ಇಲ್ಲೇ ನಮ್ಮ ಲಕ್ಕುಂಡಿಯಾಗ ದಾನ ಚಿಂತಾಮಣಿ ಅತ್ತಿಮಬ್ಬೆ ಹತ್ತನೇ ಶತಮಾನದಾಗ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರಸಿ ಹಂಚಿದ್ಲು, ಅಷ್ಟು ಮಾಡಿದ್ದಕ್ಕ ಆ ಕಾವ್ಯ ನಮ್ಮ ತನಕ ಬಂತು. ಅಲ್ಲಿ ಬರಸಿದಾಕಿ ಹೆಸರು ಉಳೀತು, ಬರದ ಸಾವಿರ ಕೈಗಳ ಹೆಸರು ಹೋದ್ವು. ಹಿಂಗಾಗಿ ಗರಿ ಮ್ಯಾಲಿನ ಸಂವತ್ಸರ ಕಾವ್ಯದ ಕಾಲ ಅಲ್ಲ, ಆ ಗರಿಯ ಕಾಲ. ಒಂದೊಂದು ಸಲ ಲಿಪಿಕಾರ ಎದುರಿನ ಪ್ರತಿಯ ತಾರೀಖನ್ನೂ ಹಂಗಽ ಇಳಿಸಿಕೊಂಡಿರ್ತಾನ, ಅದನ್ನೂ ನೋಡಬೇಕು.

ಇಂಗ್ಲೆಂಡಿನವ್ರು ಕದ್ದವ್ರಿಗೆ ಶಾಪ ಬರೀತಿದ್ರಂತ. ನಮ್ಮವ್ರು ಪುಸ್ತಕದ ಬಾಯಿಲೇ ಹೇಳಸತಾರ, "ತೈಲಾದ್ರಕ್ಷ ಜಲಾದ್ರಕ್ಷ ರಕ್ಷ ಶಿಥಿಲಬಂಧನಾತ್", ಎಣ್ಣಿಯಿಂದ ಕಾಪಾಡು, ನೀರಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಕೊಡಬ್ಯಾಡ. ಮೊದಲನೇ ಸಲ ಒಂದು ಮನಿಯಾಗ ಇದನ್ನ ಓದಿದಾಗ ಕೈಯಾಗಿನ ಗರಿ ಮೆಲ್ಲಕ ಕೆಳಗಿಟ್ಟೆ.

ಬಿಚ್ಚೋ ಮೊದಲು: ಕಟ್ಟು ಹೆಂಗೈತಿ ಹಂಗಽ ನಾಲ್ಕೂ ಕಡೆಯಿಂದ ಫೋಟೊ ತಗೀರಿ, ದಾರ ಎಷ್ಟು ಸುತ್ತು, ಗಂಟು ಎಲ್ಲಿ ಎಲ್ಲಾ ಬರಲಿ, ಪಕ್ಕಕ್ಕ ಒಂದು ಸ್ಕೇಲ್ ಇಡ್ರಿ. ಗರಿ ಅಂಟಿದ್ರ ಬಿಡಸಾಕ ಹೋಗಬ್ಯಾಡ್ರಿ, ಮುರೀತಾವ. ಕೊಬ್ಬರಿ ಎಣ್ಣಿ, ಶೇಂಗಾ ಎಣ್ಣಿ ಏನೂ ಹಚ್ಚಬ್ಯಾಡ್ರಿ. ಅಕ್ಷರ ಕಾಣ್ಲಿಲ್ಲಂತ ಅರಿಷಿಣ ಇಬತ್ತಿ ತಿಕ್ಕಬ್ಯಾಡ್ರಿ. ಮ್ಯಾಲಿನ ಹಲಗಿ ಒಳಮೈ ತಪ್ಪದ ನೋಡ್ರಿ, ಬೌಡನ್ ಚೀಟಿ ಇದ್ದಂಗ ನಮ್ಮಲ್ಲಿ ಒಡಿಯಾನ ಹೆಸರು ಭಾಳ ಸಲ ಅಲ್ಲೇ ಇರತೈತಿ. ಆಮ್ಯಾಲೆ ಧಾರವಾಡದಾಗಽ ಇದ್ದೀರಿ, ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠದಾಗ ಹಸ್ತಪ್ರತಿ ನೋಡೋರು ಅದಾರ, ಅವ್ರಿಗೆ ತೋರಸ್ರಿ. ಮತ್ತ ಮನಿಯಾಗಿನ ಹಿರೇರನ್ನ ಕೇಳಿ, ಅವ್ರು ಹೇಳಿದ್ದನ್ನ ಹೇಳಿದಂಗಽ ರೆಕಾರ್ಡ್ ಮಾಡ್ಕೋರಿ, ಅದೂ ಸಾಕ್ಷಿನಽ, ಆದ್ರ ಗರಿ ಮ್ಯಾಲಿನ ಸಾಕ್ಷಿ ಜೋಡಿ ಬೆರಸಬ್ಯಾಡ್ರಿ, ಬ್ಯಾರೆ ಹಾಳಿಯಾಗ ಬರೀರಿ.

---

ಹಾವೇರಿ_ಏಲಕ್ಕಿ

ಮಾಸ್ತರ, ಒಪ್ಪಿದೆ. ಆ ಇನ್ನೂರು ವರ್ಷದ ಗುಂಡಿ ನಾ ನೋಡಿದ್ದಿಲ್ಲ. ಅಕ್ಕಾರ, ನಿಮ್ಮ ಹಳ್ಳಿಗೆ ಹೋಗೋದಿದ್ರ ಹೇಳ್ರಿ, ನನ್ನ ಕಡೆ ಮ್ಯಾಕ್ರೊ ಲೆನ್ಸ್ ಐತಿ, ಸಣ್ಣ ಅಕ್ಷರ ಚೊಲೋ ಬರತಾವ.

---

ಮಾಳಮಡ್ಡಿ_ಓದುಗಿ

ಎಲ್ಲಾರಿಗೂ ಭಾಳ ಭಾಳ ಥ್ಯಾಂಕ್ಸ್ ರೀ. ಸೆಮಿನಾರ್ ನಿನ್ನೆ ಆತು. "ನಾನೂರು ವರ್ಷ" ಅನ್ನೋ ಸಾಲು ತಗದೆ. ಬೋರ್ಡಿನ ಮ್ಯಾಲೆ ಒಂದು ಉದ್ದ ಗೆರಿ ಎಳದು ನಾರ್ಫೋಕ್, ಮೌಂಟ್ ಗ್ರೇಸ್, ಬೌಡನ್, ಲಂಡನ್ ಅಂತ ನಾಲ್ಕು ಚುಕ್ಕಿ ಇಟ್ಟು ನಡುವಿನ ಜಾಗಾ ಖಾಲಿ ಬಿಟ್ಟೆ. ಗೈಡ್ ಸರ್ ಖಾಲಿ ಜಾಗಾದ ಬಗ್ಗೆನಽ ಅರ್ಧ ತಾಸು ಮಾತಾಡಿದ್ರು.

ಓದೋ ಮುಂದ ನನಗೂ ಒಂದು ಸಿಕ್ತು. ಆ ಹಸ್ತಪ್ರತಿಯ ಕಟ್ಟಕಡೀ ಪುಟದಾಗ ಒಂದು ಅಡಿಗಿ ಔಷಧ ಬರದದಂತ, ಮಸಿ ಮಾಸಿ ಶತಮಾನಗಟ್ಟಲೆ ಓದಲಿಕ್ಕೆ ಬರತಿದ್ದಿಲ್ಲ, ಈಗ ಈಗ ಬ್ಯಾರೆ ಬ್ಯಾರೆ ಬಣ್ಣದ ಬೆಳಕಿನ್ಯಾಗ ಫೋಟೊ ತಗದು ಓದ್ಯಾರ. ಸಕ್ಕರಿ, ಶುಂಠಿ, ದಾಲ್ಚಿನ್ನಿ, ಬಡೇಸೋಪು ಹಾಕಿ ಮಾಡೋ ಹೊಟ್ಟಿಗೆ ಹಿತ ಅನ್ನೋ ಸಿಹಿ. ಮಠದ ಯಾರೋ ಬರಕೊಂಡಿರಬೇಕು ಅಂತಾರ. ಊಟ ಆದಮ್ಯಾಲೆ ನಮ್ಮ ಆಯಿ ಕೊಡೋ ಡಬ್ಬಿ ನೆನಪಾತು.

ಆಯ್ತವಾರ ಹಳ್ಳಿಗೆ ಹೋಗಿದ್ದೆ. ಮುತ್ತ್ಯಾನ ಟ್ರಂಕ್ ತಗದ್ವಿ. ಗದಗದ ಅಣ್ಣಾರು ಹೇಳಿದಂಗ ಮೊದಲು ಫೋಟೊ, ಆಮ್ಯಾಲೆ ಆಯಿನಽ ಗಂಟು ಬಿಚ್ಚಿದ್ಲು. ಅರಿವಿಯೊಳಗಿಂದ ಹಳೇ ಊದುಬತ್ತಿ ವಾಸನಿ ಬಂತು. ಗರಿ ಅಂಟಿಲ್ಲ, ಎರಡು ಕಡೆ ತೂತಿನ ಸುತ್ತ ಹುಳಾ ತಿಂದದ. ಕೊನೀ ಗರಿಯಾಗ ಮಂಗಳ ಮಹಾ ಶ್ರೀ ಓದಲಿಕ್ಕೆ ಬಂತು, ಅದರ ಹಿಂದಿನ ಸಾಲಿನ್ಯಾಗ ಸಂವತ್ಸರದ ಮೊದಲನೇ ಅಕ್ಷರ ಇದ್ದ ಜಾಗಾ ಮುರದದ, "...ಮುಖ ಸಂವತ್ಸರ" ಅಂತ ಉಳದದ. ಶ್ರೀಮುಖನೂ ಆಗಬಹುದು, ದುರ್ಮುಖನೂ ಆಗಬಹುದು. ತಿಥಿ ಬಹುಳ ಪಂಚಮಿ, ವಾರ ಗುರುವಾರ ಅಂತ ಕಾಣ್ತದ, ಮಾಸ ಇನ್ನೂ ಓದಿಲ್ಲ. ಹಲಗಿ ಒಳಗ ಬ್ಯಾರೆ ಕೈಯಾಗ, ಮಸಿಲೆ, ಒಂದು ಊರಿನ ಹೆಸರು. ನಮ್ಮೂರಲ್ಲ. "ಇದು ನಿಮ್ಮ ಮುತ್ತ್ಯಾನ ಅವ್ವನ ತವರಿನ ಊರು" ಅಂದ್ಲು ಆಯಿ. ಅವಳು ಹೇಳಿದ್ದನ್ನ ಬ್ಯಾರೆ ಹಾಳಿಯಾಗ ಬರಕೊಂಡೀನಿ.

ಏಲಕ್ಕಿ ಅವರ, ಬರೋ ಶನಿವಾರ ಲೆನ್ಸ್ ತಗೊಂಡು ಬರ್ತೀರೇನು? ಮಾಸದ ಹೆಸರಿನ ಮ್ಯಾಲೆ ಹೊಗಿ ಕಪ್ಪು ಕುಂತದ, ಬಿಸಲಿಗೆ ಓರೆ ಹಿಡದ್ರ ಎರಡು ಅಕ್ಷರ ಕಾಣ್ತಾವ, ಫೋನಿನ್ಯಾಗ ಬರವಲ್ವು.